ತೂಬು ಸರಿಯಿತ್ತು, ನೀರಗಂಟಿ ಇರಲಿಲ್ಲ

ಕಳೆದ ಮಳೆಗಾಲದಲ್ಲಿ ನಮ್ಮ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಹನ್ನೊಂದು ಇಸಿಜಿ ಫೋಟೋ ಬಂದವು. ದಾಂಡೇಲಿಯಿಂದ ಅಪ್ಪನದು, ಜೋಯಿಡಾದಿಂದ ದೊಡ್ಡಪ್ಪನ ಮನೆಯವರದು, ಮುಂಡಗೋಡದಿಂದ ಚಿಕ್ಕಪ್ಪನದು, ಬೆಂಗಳೂರಿನಿಂದ ನನ್ನದು. ಗುಡ್ ಮಾರ್ನಿಂಗ್ ಹೂವುಗಳ ನಡುವೆ ಈ ಗೀಟು ಗೀಟು ಹಾಳೆಗಳು! ಕಾರಣ ಹಳಿಯಾಳದ ಸೋದರತ್ತೆಯ ಮಗ, ಹದಿಮೂರು ವರ್ಷದವ.

ಹುಡುಗ ಹುಟ್ಟಾ ಕಿವುಡ. ಜೋರಾಗಿ ಓಡಿದಾಗ, ಸಿಟ್ಟು ಬಂದಾಗ, ಬೆಚ್ಚಿದಾಗ ಧೊಪ್ಪನೆ ಬೀಳುತ್ತಿದ್ದ. ಅರ್ಧ ನಿಮಿಷಕ್ಕೆ ಎದ್ದು ಮತ್ತೆ ಆಟಕ್ಕೆ ಹೊರಡುತ್ತಿದ್ದ. ಒಂದು ಆಸ್ಪತ್ರೆಯಲ್ಲಿ ಮೂರ್ಛೆರೋಗ ಅಂದರು. ನಾಲ್ಕು ವರ್ಷ ಅದರ ಗುಳಿಗೆ ನುಂಗಿದ. "ಬಾಯಾಗ ನೊರಿ ಬರೂದಿಲ್ಲ, ಮಾರಿ ಬಿಳಿಚಗೋತೈತಿ ಅಷ್ಟ. ಇದೆಂಥಾ ಫಿಟ್ಸ್ ರೀ?" ಅಂತ ಅತ್ತೆ ಕೇಳುತ್ತಲೇ ಇದ್ದರು. ಕೊನೆಗೆ ಹುಬ್ಬಳ್ಳಿಯ ಒಬ್ಬ ಡಾಕ್ಟರು "ಹುಟ್ಟಿದಾಗಿನಿಂದ ಕಿವಿ ಕೇಳಸೂದಿಲ್ಲ ಅಂದ್ರಲ್ಲ?" ಎಂದು ಎರಡು ಸಲ ಕೇಳಿ ಇಸಿಜಿ ತೆಗೆಸಿದರು. ಅದರಲ್ಲಿ ಕ್ಯೂಟಿ ಅನ್ನುವ ಅಂತರವೊಂದಿದೆ. ಒಂದು ಬಡಿತ ಶುರುವಾಗಿ, ಹೃದಯ ಮುಂದಿನ ಬಡಿತಕ್ಕೆ ಸಜ್ಜಾಗುವವರೆಗಿನ ಹೊತ್ತು. ಅದು ಸುಮಾರು 440 ಮಿಲಿಸೆಕೆಂಡಿನ ಒಳಗಿದ್ದರೆ ಚಿಂತೆಯಿಲ್ಲ. ಇವನದು 540.

1957ರಲ್ಲಿ ನಾರ್ವೆಯ ಜೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಎಂಬ ವೈದ್ಯರು ಒಂದು ಕುಟುಂಬದ ಬಗ್ಗೆ ಬರೆದರು. ಆರು ಮಕ್ಕಳಲ್ಲಿ ನಾಲ್ವರು ಕಿವುಡರು, ಎಚ್ಚರ ತಪ್ಪುವವರು. ಅವರಲ್ಲಿ ಮೂವರು ಹಠಾತ್ತನೆ ತೀರಿಕೊಂಡಿದ್ದರು. ಕಾಯಿಲೆಗೆ ಅವರದೇ ಹೆಸರು ಬಂತು.

ಕಿವಿಗೂ ಎದೆಗೂ ಎಲ್ಲಿಯ ನಂಟು? ರಿಪೋರ್ಟ್ ಹಿಡಿದುಕೊಂಡು ನಾನು ಓದಲು ಕೂತಿದ್ದು ಇದಕ್ಕೇ.

ನಮ್ಮ ಕಡೆ ಕೆರೆಗೆ ತೂಬು ಇರುತ್ತದೆ. ಜೀವಕೋಶದ ಗೋಡೆಯಲ್ಲೂ ಪೊಟ್ಯಾಶಿಯಂ ಹೊರಗೆ ಹೋಗಲು ಅಂಥದೇ ತೂಬುಗಳಿವೆ. ಅದರಲ್ಲೊಂದು ಕೆಸಿಎನ್‌ಕ್ಯೂ1. ಅದರ ಪಕ್ಕ ನಿಲ್ಲುವ ಪುಟ್ಟ ಪ್ರೋಟೀನು ಕೆಸಿಎನ್‌ಇ1. ಮೊದಲನೆಯದು 676 ಅಮೈನೋ ಆಮ್ಲಗಳ ಸರ, ಎರಡನೆಯದು ಬರೀ 129. ಈ ಸಣ್ಣದು ತಾನೇ ತೂಬಲ್ಲ, ತೂಬು ಕಾಯುವ ನೀರಗಂಟಿ. ಇದು ಜೊತೆಗಿಲ್ಲದಿದ್ದರೆ ದೊಡ್ಡದು ಬೇಗ ತೆರೆದುಕೊಳ್ಳುತ್ತದೆ, ಆದರೆ ಹರಿಯುವುದು ಕಡಿಮೆ. ಜೊತೆಗಿದ್ದರೆ ನಿಧಾನವಾಗಿ ತೆರೆದು, ಹೆಚ್ಚು ಹರಿಸುತ್ತದೆ. ಹೃದಯಕ್ಕೆ ಬೇಕಾದದ್ದು ಆ ನಿಧಾನದ ದೊಡ್ಡ ಹರಿವೇ.

ವಿಜ್ಞಾನಿಗಳೂ ಇದರಲ್ಲಿ ದಾರಿ ತಪ್ಪಿದ್ದರು, ಗೊತ್ತಾ? 1988ರಲ್ಲಿ ಜಪಾನಿನಲ್ಲಿ ಈ ಸಣ್ಣ ಪ್ರೋಟೀನನ್ನು ಕಪ್ಪೆಯ ಮೊಟ್ಟೆಯಲ್ಲಿ ಮಾಡಿಸಿ ನೋಡಿದರೆ ಪೊಟ್ಯಾಶಿಯಂ ಹರಿಯಿತು. ಇದೇ ತೂಬು ಅಂದುಕೊಂಡರು. ಕಪ್ಪೆಯ ಮೊಟ್ಟೆಯಲ್ಲಿ ಅದರದೇ ಕೆಸಿಎನ್‌ಕ್ಯೂ1 ಮೊದಲೇ ಇತ್ತು, ಇದು ಹೋಗಿ ಅದರ ಜೊತೆ ಸೇರಿತ್ತು ಅಂತ ತಿಳಿಯಲು 1996 ಬರಬೇಕಾಯಿತು.

ತೂಬು ಅದೇ ಇದ್ದರೂ ಜೊತೆಗಾರ ಬದಲಾದರೆ ಕೆಲಸವೇ ಬೇರೆ. ದೊಡ್ಡ ಕರುಳಿನಲ್ಲಿ ಕೆಸಿಎನ್‌ಇ3 ಸೇರಿದರೆ ತೂಬು ಸದಾ ತೆರೆದೇ ಇರುತ್ತದೆ. ಹೊಟ್ಟೆಯ ಆಮ್ಲ ತಯಾರಾಗಲು ಕೆಸಿಎನ್‌ಇ2 ಬೇಕು. ಒಳಕಿವಿಯಲ್ಲಿ ಮಾತ್ರ ಎದೆಯಲ್ಲಿರುವ ಜೋಡಿಯೇ ಇದೆ. ಅಲ್ಲಿನ ದ್ರವಕ್ಕೆ ಪೊಟ್ಯಾಶಿಯಂ ತುಂಬುವುದು ಅದೇ. ತುಂಬದಿದ್ದರೆ ಸದ್ದು ಹಿಡಿಯುವ ಕೋಶಗಳು ಕೆಲಸ ಮಾಡವು. ಎದೆಯಲ್ಲಾದರೆ, ಓಡಿದಾಗ ಅಡ್ರಿನಲಿನ್ ಏರಿ ಈ ತೂಬು ಇನ್ನಷ್ಟು ಹರಿಸಬೇಕು, ಬಡಿತಗಳು ಹತ್ತಿರ ಬಂದಂತೆ ಸಜ್ಜಾಗುವ ಹೊತ್ತೂ ಕಿರಿದಾಗಬೇಕು. ಹಾಗಾಗದಿದ್ದರೆ ಲಯ ಕೆಟ್ಟು ಹುಡುಗ ಬೀಳುತ್ತಾನೆ. ಪ್ರತಿ ಸಲವೂ ಎದ್ದೇಳುತ್ತಾನೆ ಅನ್ನುವಂತಿಲ್ಲ.

ಈ ಕಾಯಿಲೆ ಇರುವ ಹತ್ತರಲ್ಲಿ ಒಂಬತ್ತು ಜನರಿಗೆ ದೋಷ ಇರುವುದು ತೂಬಿನಲ್ಲೇ. ನಮ್ಮ ಹುಡುಗ ಉಳಿದ ಒಬ್ಬ. ಅವನ ತೂಬು ಸರಿ ಇದೆ, ಕೆಟ್ಟಿರುವುದು ನೀರಗಂಟಿ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದಿದೆ. ಅತ್ತೆಯನ್ನು ಕೊಟ್ಟಿದ್ದು ಅವರ ಸ್ವಂತ ಸೋದರಮಾವನಿಗೆ. ನಮ್ಮಲ್ಲಿ ಇದು ಹೊಸದೇನಲ್ಲ.

ಈಗ ದಿನಾ ಬೀಟಾ ಬ್ಲಾಕರ್ ಗುಳಿಗೆ, ಒಂದು ಹೊತ್ತೂ ತಪ್ಪಿಸುವಂತಿಲ್ಲ. ರನ್ನಿಂಗ್ ರೇಸ್ ಬಂದ್. ಈಜು ಬಂದ್. ಬೆಂಗಳೂರಿನವರು ಗಣೇಶಗುಡಿಗೆ ರಾಫ್ಟಿಂಗ್‌ಗೆ ಬರುವಾಗ ಕಾಳಿ ನದಿಯ ಹುಡುಗನಿಗೇ ನೀರು ಬೇಡ ಅನ್ನುವುದು ಸಣ್ಣ ಮಾತಲ್ಲ. ಎರಡು ದಿನ ಊಟ ಬಿಟ್ಟ. ವಾಂತಿಭೇದಿಯಾದರೆ ಪೊಟ್ಯಾಶಿಯಂ ಇಳಿಯುತ್ತದೆ, ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು. ಅಜಿಥ್ರೋಮೈಸಿನ್, ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್, ಡೊಂಪೆರಿಡೋನ್‌ನಂಥವು ಕ್ಯೂಟಿಯನ್ನು ಇನ್ನೂ ಎಳೆಯುತ್ತವೆ. ಆ ಪಟ್ಟಿಯನ್ನು ಅತ್ತೆ ಲ್ಯಾಮಿನೇಟ್ ಮಾಡಿಸಿ ಪರ್ಸಿನಲ್ಲಿಟ್ಟಿದ್ದಾರೆ. ಮೆಡಿಕಲ್ ಶಾಪಿನವರಿಗೆ ಅವರನ್ನು ಕಂಡರೆ ಈಗ ಸ್ವಲ್ಪ ಹೆದರಿಕೆ.

ನಿಮ್ಮ ಮನೆಯಲ್ಲೂ ಹುಟ್ಟಾ ಕಿವುಡು ಮಗುವಿದ್ದರೆ ಒಂದು ಇಸಿಜಿ ಮಾಡಿಸಿ, ದೊಡ್ಡ ಖರ್ಚಿಲ್ಲ. ಕಾಕ್ಲಿಯರ್ ಇಂಪ್ಲಾಂಟ್‌ಗೆ ಅರಿವಳಿಕೆ ಕೊಡುವ ಮೊದಲಂತೂ ಬೇಕೇ ಬೇಕು. ಆ ನಾಲ್ಕು ವರ್ಷದಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ಹನ್ನೊಂದು ಇಸಿಜಿಗಳೂ ನಾರ್ಮಲ್. ಆದರೆ ಒಂದೇ ಕೆಟ್ಟ ಪ್ರತಿ ಹೊತ್ತವರ ಇಸಿಜಿ ಹಾಗೇ ಇರಬಹುದು. ಗೊತ್ತಾಗಲು ಜೀನ್ ಪರೀಕ್ಷೆಯೇ ಬೇಕು. ಅಪ್ಪನಲ್ಲಿ ಒಂದು ಪ್ರತಿ ಇದೆ, ನನ್ನಲ್ಲಿಲ್ಲ. ಹುಡುಗನ ಅಕ್ಕನಲ್ಲೂ ಒಂದಿದೆ. ಅವಳನ್ನು ಮುಂಡಗೋಡದ ಚಿಕ್ಕಪ್ಪನ ಮಗನಿಗೆ ಕೊಡುವ ಮಾತು ನಡೆದು ಎರಡು ವರ್ಷವಾಯಿತು. ಇಬ್ಬರಿಗೂ ಮನಸ್ಸಿದೆ. ಅಜ್ಜಿ ಮುಹೂರ್ತ ನೋಡಿ ಅನ್ನುತ್ತಾರೆ, ಅವಳು ಅವನ ರಕ್ತದ ರಿಪೋರ್ಟ್ ಬರಲಿ ಅನ್ನುತ್ತಾಳೆ. ಸ್ಯಾಂಪಲ್ ಕೊಟ್ಟು ಮೂರು ವಾರವಾಯಿತು.