ಒಂದೇ ಪಂಕ್ತಿ

ಭೀಮಾ ನದಿಯ ಸೀಮೆಯಲ್ಲಿ, ಜೇವರ್ಗಿ ತಾಲ್ಲೂಕಿನ ಕರಿಮಣ್ಣಿನ ಹೊಲಗಳ ನಡುವೆ ಅಂದೋಲಾ ಎಂಬ ಊರಿದೆ. ಜೋಳವೂ ತೊಗರಿಯೂ ಬೆಳೆಯುವ ಆ ನಾಡಿನ ಯಾವ ಹಳ್ಳಿಯನ್ನು ಹೊಕ್ಕರೂ, ಹಿಂದಿನ ಕಾಲದಲ್ಲಿ, ಒಬ್ಬ ಮನುಷ್ಯನ ಜಾತಿಯನ್ನು ಅವನ ಬಾಯಿಂದ ಕೇಳಿ ತಿಳಿಯಬೇಕಾಗಿರಲಿಲ್ಲ. ಅವನು ಯಾರ ಪಂಕ್ತಿಯಲ್ಲಿ ಉಣ್ಣುತ್ತಾನೆ, ಯಾವ ನೀರಿಗೆ ಇಳಿಯುತ್ತಾನೆ, ಯಾರ ಮನೆಗೆ ಮಗಳನ್ನು ಕೊಡುತ್ತಾನೆ, ಸತ್ತರೆ ಅವನಿಗೆ ಯಾರು ಹೆಗಲು ಕೊಡುತ್ತಾರೆ, ಈ ನಾಲ್ಕನ್ನು ಕಂಡರೆ ಸಾಕಾಗಿತ್ತು. ಊಟ, ನೀರು, ಮದುವೆ, ಮಸಣ. ಊರೆಂಬ ಮನೆಗೆ ಇವೇ ನಾಲ್ಕು ಗೋಡೆಗಳು. ಆದುದರಿಂದ ಹೊಸದೊಂದು ಧರ್ಮ ಊರಿನ ಬಾಗಿಲಿಗೆ ಬಂದಾಗ ಅದು ಏನನ್ನು ಬೋಧಿಸಿತು ಎಂಬುದು ಎರಡನೆಯ ಪ್ರಶ್ನೆ. ಈ ನಾಲ್ಕು ಗೋಡೆಗಳ ಮುಂದೆ ನಿಂತು ಅದು ಏನು ಮಾಡಿತು ಎಂಬುದೇ ಮೊದಲನೆಯ ಪ್ರಶ್ನೆ.

ಈ ಪರೀಕ್ಷೆಯನ್ನು ಆ ಸೀಮೆಯವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅಂದೋಲಾದ ಉತ್ತರಕ್ಕೆ, ಬೀದರ ಜಿಲ್ಲೆಯಲ್ಲಿ, ಬಸವಣ್ಣನವರ ಕಲ್ಯಾಣವಿದೆ. 2019ರಿಂದ ಇಡೀ ವಿಭಾಗವೇ ಕಲ್ಯಾಣ ಕರ್ನಾಟಕವೆಂದು ಕರೆಸಿಕೊಳ್ಳುತ್ತಿದೆ. ಪಾದರಕ್ಷೆ ಹೊಲಿಯುವ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ತಂದ ಮದುವೆ, ಅದರ ಬೆನ್ನಿಗೆ ಬಂದ ಮರಣದಂಡನೆ, ಚದುರಿಹೋದ ಶರಣರು: ಈ ಕಥೆಯನ್ನು ಅಲ್ಲಿ ಮಕ್ಕಳೂ ಬಲ್ಲರು. ಆರು ಶತಮಾನಗಳಿಗೂ ಮಿಕ್ಕಿದ ಕಾಲದ ಮೇಲೆ, ಬಹುದೂರದ ವಂಗದೇಶದಲ್ಲಿ, ಹೂಗ್ಲಿ ನದಿಯ ದಂಡೆಯ ಮೇಲೆ ಅದೇ ನಾಲ್ಕು ಗೋಡೆಗಳನ್ನು ಒಂದು ಸಣ್ಣ ಗುಂಪು ಮತ್ತೊಮ್ಮೆ ಎದುರಿಸಿತು. ಅದು ಶ್ರೀರಾಮಪುರದ ಬ್ಯಾಪ್ಟಿಸ್ಟ್ ಸಭೆ. ಅದರ ಹಿರಿಯನೂ ಪಾದರಕ್ಷೆ ಹೊಲಿದೇ ಬಂದವನು; ಅವನ ಋಣ ಕನ್ನಡದ ಮೇಲೂ ಸ್ವಲ್ಪ ಉಂಟು. ಆ ಸಭೆ ಹುಟ್ಟಿದ ಬಗೆಯನ್ನು ನೆನೆಯಲು ಇಷ್ಟು ನಂಟು ಸಾಲದೆ?

ವಿಲಿಯಂ ಕೇರಿ 1761ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದವನು. ಬಾಲ್ಯದಲ್ಲಿಯೇ ಚಮ್ಮಾರಿಕೆಯ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದನು. ಅಟ್ಟೆ ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂಗಳನ್ನು ಕಲಿತನು. 1781ರಲ್ಲಿ ಅವನು ಕೈಹಿಡಿದ ಡೊರೊಥಿ ಅವನಿಗಿಂತ ಹಿರಿಯಳು. ಅಕ್ಷರ ಬಾರದ ಆ ಹೆಣ್ಣುಮಗಳು ಮದುವೆಯ ದಾಖಲೆಯಲ್ಲಿ ಹೆಸರಿನ ಬದಲು ಒಂದು ಗೀಟಿನ ಗುರುತು ಹಾಕಿದಳು. 1792ರ ಅಕ್ಟೋಬರ್ 2ರಂದು ಕೆಟರಿಂಗ್ ಎಂಬ ಊರಿನ ಒಂದು ಮನೆಯಲ್ಲಿ ಕೆಲವರು ಬ್ಯಾಪ್ಟಿಸ್ಟ್ ಉಪದೇಶಕರು ಕೂಡಿ ವಿದೇಶಗಳಲ್ಲಿ ಧರ್ಮಪ್ರಚಾರಕ್ಕೆಂದು ಒಂದು ಸಂಘವನ್ನು ಕಟ್ಟಿದರು. ಅಂದು ಕೂಡಿದ ವಂತಿಗೆ 13 ಪೌಂಡು, 2 ಷಿಲಿಂಗು, 6 ಪೆನ್ಸು. ಆ ಸಂಘ ಕಳುಹಿಸಿದವರಲ್ಲಿ ಕೇರಿ ಒಬ್ಬನು. ಅವನಿಗಿಂತ ಮೊದಲೇ ವಂಗದೇಶವನ್ನು ಕಂಡಿದ್ದ ವೈದ್ಯ ಜಾನ್ ಥಾಮಸ್ ಇನ್ನೊಬ್ಬನು. ಡೊರೊಥಿ ಮೊದಲು ಬರಲು ಒಪ್ಪಲಿಲ್ಲ. ಕಡೆಯ ಗಳಿಗೆಯಲ್ಲಿ, ತಂಗಿಯನ್ನು ಜೊತೆಗೆ ಕರೆದುಕೊಂಡು, ಕೈಗೂಸಿನೊಡನೆ ಹಡಗು ಹತ್ತಿದಳು.

1793ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದಿಳಿದ ಸಂಸಾರಕ್ಕೆ ಹಣವಿಲ್ಲ, ಮನೆಯಿಲ್ಲ. ಮರುವರ್ಷ ಮಾಲ್ದಾ ಪ್ರಾಂತದ ಮುದ್ನಾಬಾಟಿಯಲ್ಲಿ ನೀಲಿಯ ಕಾರ್ಖಾನೆಯೊಂದರ ಮೇಲ್ವಿಚಾರಣೆ ಸಿಕ್ಕಿತು. ಅಲ್ಲಿಯೇ ಐದು ವರ್ಷದ ಮಗ ಪೀಟರ್ ಆಮಶಂಕೆಯಿಂದ ತೀರಿಕೊಂಡನು. ಮನೆಯಲ್ಲಿ ಕೆಲಸಕ್ಕಿದ್ದ ಬಡಗಿಗಳೂ ಶವಪೆಟ್ಟಿಗೆ ಮಾಡಲೊಲ್ಲರು. ಜಾತಿ ಹೋದೀತೆಂಬ ಭಯ. ಕೊನೆಗೆ ನಾಲ್ವರು ಮುಸಲ್ಮಾನರು, ಒಬ್ಬರ ಧೈರ್ಯಕ್ಕೆ ಮತ್ತೊಬ್ಬರಾಗಿ, ಕುಣಿಯನ್ನು ತೋಡಿದರು. ಅದಕ್ಕಾಗಿ ಅವರೂ ತಮ್ಮ ಊರಿನಲ್ಲಿ ಬಹಿಷ್ಕಾರಕ್ಕೆ ಗುರಿಯಾದರು. ಎಳೆಯ ಹೆಣಕ್ಕೆ ಹೆಗಲು ಕೊಡುವವರನ್ನು ಹುಡುಕಬೇಕಾಯಿತು. ಆ ದಿನಗಳ ಅನಂತರ ಡೊರೊಥಿಯ ಮನಸ್ಸು ಕದಡಿತು. ಮತ್ತೆ ತಿಳಿಯಾಗಲೇ ಇಲ್ಲ. ನಾಲ್ಕು ಗೋಡೆಗಳಲ್ಲಿ ಕಡೆಯದಾದ ಮಸಣವನ್ನೇ ಕೇರಿ ಮೊದಲು ಕಂಡನು, ಅದೂ ತನ್ನ ಮಗುವಿನ ಶವದೆದುರು.

ಈಸ್ಟ್ ಇಂಡಿಯಾ ಕಂಪೆನಿಗೆ ಮಿಷನರಿಗಳೆಂದರೆ ಆಗದು. ಜನರ ಮತಾಚಾರಗಳನ್ನು ಕೆಣಕಿದರೆ ವ್ಯಾಪಾರಕ್ಕೆ ಧಕ್ಕೆ ಎಂಬುದು ಅದರ ಲೆಕ್ಕ. ಆದರೆ ಕಲ್ಕತ್ತೆಯಿಂದ ಸ್ವಲ್ಪ ದೂರದಲ್ಲಿ, ನದಿಯ ಬಲದಂಡೆಯ ಮೇಲಿದ್ದ ಶ್ರೀರಾಮಪುರ ಡೆನ್ಮಾರ್ಕಿನ ದೊರೆಯ ವಶದಲ್ಲಿತ್ತು. ಅಲ್ಲಿಯ ಗವರ್ನರ್ ಓಲೆ ಬೀ ಸಹೃದಯನಾದ ಮುದುಕ. 1799ರ ಅಕ್ಟೋಬರಿನಲ್ಲಿ ಬಂದಿಳಿದ ಹೊಸ ತಂಡಕ್ಕೆ ಅವನು ಆಶ್ರಯವಿತ್ತನು. ಅವರಲ್ಲಿ ಮುದ್ರಣಕಾರ ವಿಲಿಯಂ ವಾರ್ಡ್, ಉಪಾಧ್ಯಾಯ ಜೋಶುವಾ ಮಾರ್ಷ್‌ಮನ್, ಅವನ ಹೆಂಡತಿ ಹನ್ನಾ ಮುಖ್ಯರು. 1800ರ ಜನವರಿಯಲ್ಲಿ ಕೇರಿ ಅವರನ್ನು ಕೂಡಿಕೊಂಡನು. ನದಿಯ ದಂಡೆಯ ಒಂದೇ ಆವರಣದಲ್ಲಿ ಎಲ್ಲರ ವಾಸ, ಒಂದೇ ಮೇಜಿನಲ್ಲಿ ಊಟ, ಗಳಿಕೆಯೆಲ್ಲ ಒಂದೇ ಬೊಕ್ಕಸಕ್ಕೆ. ಮನೆವಾರ್ತೆ ತಿಂಗಳಿಗೊಬ್ಬರ ಸರದಿ. ವಾರದ ಮನಸ್ತಾಪಗಳನ್ನು ಶನಿವಾರ ಸಂಜೆ ಕೂತು ಬಗೆಹರಿಸಿಕೊಳ್ಳಬೇಕೆಂಬುದು ನಿಯಮ. ಕೂಡು ಕುಟುಂಬದಲ್ಲಿ ಬೆಳೆದ ಯಾರಿಗಾದರೂ ಈ ನಿಯಮದ ಬೆಲೆ ತಿಳಿದೀತು.

1800ರ ಏಪ್ರಿಲ್ 24ರಂದು ವಿಧಿವತ್ತಾಗಿ ಸಭೆಯ ಸ್ಥಾಪನೆಯಾಯಿತು. ಸದಸ್ಯರು ಕೂಡಿ ಕೇರಿಯನ್ನು ಪಾಲಕನೆಂದು ಆರಿಸಿದರು. ಪುಸ್ತಕಗಳು ಇದನ್ನೇ ಹುಟ್ಟಿದ ದಿನವೆಂದು ಬರೆಯುತ್ತವೆ. ಆದರೆ ಅಂದು ಕೂಡಿದವರೆಲ್ಲ ಪರದೇಶದವರು. ಆ ದಿನ ನೆಟ್ಟದ್ದು ಒಂದು ಕಂಬ. ಮನೆ ಇನ್ನೂ ಎದ್ದಿರಲಿಲ್ಲ.

ಬ್ಯಾಪ್ಟಿಸ್ಟರ ಮತದಲ್ಲಿ ತೊಟ್ಟಿಲ ಕೂಸಿಗೆ ದೀಕ್ಷಾಸ್ನಾನವಿಲ್ಲ. ಬುದ್ಧಿ ಬಲಿತವನು ತಾನಾಗಿ ನಂಬಿ, ಹತ್ತು ಜನರೆದುರು ಒಪ್ಪಿ, ನೀರಿನಲ್ಲಿ ಪೂರ್ತಿಯಾಗಿ ಮುಳುಗಿ ಏಳಬೇಕು. ಎಂದಮೇಲೆ ಸಭೆ ಬೆಳೆಯಬೇಕಾದರೆ ಒಬ್ಬ ಮನುಷ್ಯ ತಾನಾಗಿಯೇ ಹೆಜ್ಜೆ ಎತ್ತಿ ಇಡಬೇಕು. ಏಳು ವರ್ಷ ಕಾದರೂ ಕೇರಿಗೆ ಅಂಥವನೊಬ್ಬನು ದೊರೆತಿರಲಿಲ್ಲ.

ದೊರೆತವನು ಶ್ರೀರಾಮಪುರದ ಬಡಗಿ ಕೃಷ್ಣ ಪಾಲ್. 1800ರ ನವೆಂಬರಿನ ಒಂದು ಬೆಳಗ್ಗೆ ಸ್ನಾನಕ್ಕೆ ಹೋದಾಗ ಜಾರಿಬಿದ್ದು ಅವನ ಬಲದೋಳು ಕೀಲು ತಪ್ಪಿತು. ಥಾಮಸನು ಬಂದು, ಅವನನ್ನು ಮರಕ್ಕೆ ಕಟ್ಟಿ, ಕೇರಿ ಮಾರ್ಷ್‌ಮನ್ನರ ನೆರವಿನಿಂದ ಕೀಲನ್ನು ಕೂಡಿಸಿದನು. ನೋವಿನ ನಡುವೆ ಆರಂಭವಾದ ಮಾತು ಮುಂದುವರಿಯಿತು. ಡಿಸೆಂಬರ್ 22ರಂದು ಕೃಷ್ಣನೂ ಅವನ ಗೆಳೆಯ ಗೋಕುಲನೂ ಮಿಷನ್ನಿನ ಮನೆಗೆ ಬಂದು, ಎಲ್ಲರೊಡನೆ ಮೇಜಿಗೆ ಕುಳಿತು ಉಂಡರು. ಎಲೆಯ ಮುಂದೆ ಕೂತ ಆ ಒಂದು ಗಳಿಗೆಯಲ್ಲಿ ಅವರ ಜಾತಿ ಹೋಯಿತು. ನೂರು ಉಪದೇಶಗಳು ಅಲುಗಿಸದ ಮೊದಲ ಗೋಡೆ ಒಂದು ತುತ್ತಿಗೆ ಬಿದ್ದಿತು.

ಸುದ್ದಿ ಹಬ್ಬಿತು. ಸುಮಾರು ಎರಡು ಸಾವಿರ ಜನರ ಗುಂಪು ನೆರೆದು, ಬೈಗುಳಗಳ ನಡುವೆ ಕೃಷ್ಣನನ್ನು ನ್ಯಾಯಾಧಿಕಾರಿಯ ಬಳಿಗೆ ಎಳೆದೊಯ್ದಿತು. ಅವನಲ್ಲಿ ಅಪರಾಧ ಕಾಣದೆ ಡೇನಿಷ್ ಅಧಿಕಾರಿಗಳು ಬಿಡುಗಡೆ ಮಾಡಿದರು. ಆದರೂ ಗೋಕುಲನೂ, ಕೃಷ್ಣನ ಹೆಂಡತಿ ರಾಸಮಯಿಯೂ, ಆಕೆಯ ತಂಗಿ ಜಯಮಣಿಯೂ ದೀಕ್ಷೆಯನ್ನು ಮುಂದಕ್ಕೆ ಹಾಕಿದರು. ಅದನ್ನು ಹೇಡಿತನವೆನ್ನಲು ಮನಸ್ಸಾಗದು. ನಾಳೆಯಿಂದ ಯಾರೂ ಬಾಗಿಲಿಗೆ ಬಾರರು ಎಂದು ಬಲ್ಲ ಮನೆಯವರಿಗೆ ಮಾತ್ರ ಆ ಹಿಂಜರಿಕೆಯ ಭಾರ ಗೊತ್ತು.

ಡಿಸೆಂಬರ್ 28, ಭಾನುವಾರ. ಒಂದು ಕಡೆ ತನ್ನ ಹಿರಿಯ ಮಗ ಫೀಲಿಕ್ಸ್, ಇನ್ನೊಂದು ಕಡೆ ಕೃಷ್ಣ ಪಾಲ್, ಇಬ್ಬರನ್ನೂ ಕರೆದುಕೊಂಡು ಕೇರಿ ನದಿಗೆ ನಡೆದನು. ದಂಡೆಯ ಮೇಲೆ ಗವರ್ನರನೂ, ಯುರೋಪಿಯನ್ನರೂ, ಊರಿನ ಹಿಂದುಗಳೂ ಮುಸಲ್ಮಾನರೂ ನೆರೆದಿದ್ದರು. ಈ ನದಿ ದೇವತೆಯೆಂದು ತಾವು ಬಗೆಯುವುದಿಲ್ಲ, ಇದು ಬರಿಯ ನೀರು ಎಂದು ಕೇರಿ ಮೊದಲೇ ಜನಕ್ಕೆ ತಿಳಿಸಿದನು. ಮೊದಲು ಮಗ, ಅನಂತರ ಬಡಗಿ, ಇಬ್ಬರಿಗೂ ಅದೇ ನೀರಿನಲ್ಲಿ ಸ್ನಾನ. ಓಲೆ ಬೀಯ ಕಣ್ಣಲ್ಲಿ ನೀರು ಬಂದಿತು. ಅಂದು ಸಂಜೆ ಮೊಟ್ಟಮೊದಲ ಬಾರಿಗೆ ಬಂಗಾಳಿಯಲ್ಲಿ ಕರ್ತನ ಭೋಜನ ನಡೆಯಿತು.

ಆದರೆ ಆ ದಿನದ ಚಿತ್ರದಲ್ಲಿ ಇನ್ನೂ ಎರಡು ಧ್ವನಿಗಳಿವೆ. ಹದಿನೇಳು ವರ್ಷದ ಹಂಬಲ ಕೈಗೂಡಿದ ಉದ್ವೇಗವನ್ನು ತಾಳಲಾರದೆ ಥಾಮಸನ ಬುದ್ಧಿ ಕೆಟ್ಟಿತ್ತು. ಅವನನ್ನು ಶಾಲೆಯ ಕಟ್ಟಡದಲ್ಲಿ ಕೂಡಿಹಾಕಿದ್ದರು. ಇನ್ನೊಂದು ಕಡೆ ತನ್ನ ಕೋಣೆಯಲ್ಲಿ ಡೊರೊಥಿ. ನದಿಯ ಕಡೆಗೆ ಹೊರಟವರ ಹಾಡಿನ ನಡುವೆ ಇಬ್ಬರ ಕೂಗೂ ಕೇಳುತ್ತಿತ್ತೆಂದು ವಾರ್ಡನ ದಿನಚರಿ ನೆನೆಯುತ್ತದೆ. ಸಭೆಯ ಜನನೋತ್ಸವದ ದಿನ, ಅದಕ್ಕೆ ಬೆಲೆ ತೆತ್ತವರಿಬ್ಬರು ಬೀಗದ ಹಿಂದೆ ಇದ್ದರು. ಕಟ್ಟಿದವರ ಕೀರ್ತಿಯನ್ನು ಹಾಡುವಾಗ ಈ ಕೂಗನ್ನು ಮರೆಮಾಚುವುದು ಸತ್ಯಕ್ಕೆ ಸಲ್ಲದು.

ಅನಂತರದ ಬೆಳವಣಿಗೆಗೆ ಹೆಣ್ಣುಮಕ್ಕಳೇ ಮುಂದಾದರು. 1801ರ ಮೊದಲ ತಿಂಗಳುಗಳಲ್ಲಿಯೇ ಜಯಮಣಿ, ಆಮೇಲೆ ರಾಸಮಯಿ ನದಿಗಿಳಿದರು. ಅದೇ ವರ್ಷ ಗೋಕುಲನೂ ಬಂದನು. ಬಂಗಾಳಿ ಹೊಸ ಒಡಂಬಡಿಕೆಯೂ ಅದೇ ವರ್ಷ ಅಚ್ಚಾಯಿತು. ಬಡಗಿಯಾದ ಕೃಷ್ಣ ಪಾಲ್ ತನ್ನ ಮನೆಯೆದುರು ಸ್ವಂತ ಖರ್ಚಿನಿಂದ ಒಂದು ಪುಟ್ಟ ಪ್ರಾರ್ಥನಾ ಮಂದಿರವನ್ನು ಕಟ್ಟಿದನು. ಸಂಘದ ವಂತಿಗೆಯಿಂದ ಬಂದ ಯಾವ ಕಟ್ಟಡಕ್ಕಿಂತಲೂ ಈ ಸಣ್ಣ ಮಂದಿರದಿಂದ ಸಭೆ ಆ ನೆಲದ್ದಾಯಿತು.

ಮೂರನೆಯ ಗೋಡೆ 1803ರ ಏಪ್ರಿಲಿನಲ್ಲಿ ಬಿದ್ದಿತು. ಸಭೆಗೆ ಸೇರಿದ್ದ ಬ್ರಾಹ್ಮಣ ತರುಣ ಕೃಷ್ಣಪ್ರಸಾದನು ಬಡಗಿಯ ಮಗಳು ಆನಂದಮಯಿಯ ಕೈಹಿಡಿದನು. ಮದುವೆ ನಡೆದುದು ಕೃಷ್ಣ ಪಾಲನ ಮನೆಯ ಮುಂದಿನ ಮರದ ನೆರಳಿನಲ್ಲಿ. ಸಂಜೆ ಮಿಷನರಿಗಳೆಲ್ಲ ಬಡಗಿಯ ಮನೆಯಲ್ಲಿಯೇ ಮದುವೆಯೂಟ ಮಾಡಿದರು. ಎರಡು ವರ್ಷದ ಹಿಂದೆ ಅವರ ಮೇಜಿನಲ್ಲಿ ಉಂಡವನು ಇಂದು ಅವರಿಗೆ ಬಡಿಸಿದನು. ಕಲ್ಯಾಣದಲ್ಲಿ ರಕ್ತದಿಂದ ತೊಯ್ದ ಅಂಥದೇ ಒಂದು ಮದುವೆ ಇಲ್ಲಿ ಅನ್ನದಿಂದ ಮುಗಿಯಿತು. ದೈವ ಎಲ್ಲ ಕಾಲಕ್ಕೂ ಒಂದೇ ಕಠೋರತೆಯನ್ನು ತೋರುವುದಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಗೋಕುಲನು ತೀರಿಕೊಂಡನು. ಅದುವರೆಗೆ ಅಲ್ಲಿ ಕ್ರೈಸ್ತರ ಶವವನ್ನು ಕೂಲಿಯ ಪೋರ್ಚುಗೀಸರು ಹೊರುತ್ತಿದ್ದರು. ಈ ಬಾರಿ ಹೆಗಲು ಕೊಟ್ಟವರು ನಾಲ್ವರು: ಮಾರ್ಷ್‌ಮನ್, ಫೀಲಿಕ್ಸ್ ಕೇರಿ, ಬ್ರಾಹ್ಮಣನಾಗಿ ಹುಟ್ಟಿದ ಭೈರವ, ಮುಸಲ್ಮಾನನಾಗಿ ಹುಟ್ಟಿದ ಪೀರೂ. ಬೀದಿಯ ಜನ ಬೆರಗಾಗಿ ನೋಡಿದರು. ಒಂಬತ್ತು ವರ್ಷದ ಹಿಂದೆ ತಮ್ಮನ ಶವಕ್ಕೆ ಹೆಗಲು ದೊರೆಯದಿದ್ದುದನ್ನು ಬಾಲಕನಾಗಿ ಕಂಡ ಫೀಲಿಕ್ಸ್ ಈಗ ಗೋಕುಲನ ಶವಕ್ಕೆ ಹೆಗಲಾದನು. ನಾಲ್ಕನೆಯ ಗೋಡೆಯೂ ಅಂದು ಬಿದ್ದಿತು. ಸಭೆ ನಿಜವಾಗಿ ಸ್ಥಾಪನೆಯಾದುದು ಯಾವಾಗ ಎಂದು ಕೇಳುವವರಿಗೆ, ಆ ಸಂಜೆ ಎಂದೇ ಉತ್ತರ ಕೊಡಬೇಕು.

ಇನ್ನು ಕನ್ನಡದ ಋಣ. ಕೇರಿ ಕನ್ನಡನಾಡನ್ನು ಕಂಡವನಲ್ಲ. ಆದರೂ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ, ಸಂಸ್ಕೃತ, ಮರಾಠಿಗಳನ್ನು ಕಲಿಸುತ್ತ, ಪಂಡಿತರ ನೆರವಿನಿಂದ ಕನ್ನಡವನ್ನೂ ಕಲಿತು ಹೊಸ ಒಡಂಬಡಿಕೆಯನ್ನು ಕನ್ನಡಕ್ಕೆ ತಿರುಗಿಸಿದನು. 1812ರ ಮಾರ್ಚ್ 11ರ ರಾತ್ರಿ ಶ್ರೀರಾಮಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಕಾಗದ, ಅಚ್ಚಿನ ಮೊಳೆ, ನಿಘಂಟುಗಳ ಹಸ್ತಪ್ರತಿಗಳೊಡನೆ ಕನ್ನಡದ ಅನುವಾದವೂ ಬೂದಿಯಾಯಿತು. ಎರಡನೆಯ ಸಲ ನಡೆಯುವ ದಾರಿ ಮೊದಲಿಗಿಂತ ಸುಗಮ ಎಂಬ ಸಮಾಧಾನದಿಂದ ಅವನು ಮತ್ತೆ ಲೇಖನಿ ಹಿಡಿದನು. 1817ರಲ್ಲಿ ಅವನ ಕನ್ನಡ ವ್ಯಾಕರಣ ಹೊರಬಂದಿತು. ಕನ್ನಡದ ಅಕ್ಷರಗಳು ಅಚ್ಚಿನ ಮೊಳೆಗಿಳಿದ ಮೊದಮೊದಲ ಗ್ರಂಥಗಳಲ್ಲಿ ಅದೂ ಒಂದು. 1820ರ ದಶಕದ ಆರಂಭದಲ್ಲಿ ಹೊಸ ಒಡಂಬಡಿಕೆಯೂ ಅಚ್ಚಾಯಿತು. ಅಷ್ಟರಲ್ಲಿ, 1810ರಿಂದ ಬಳ್ಳಾರಿಯಲ್ಲಿ ನೆಲಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡಿಗರ ನಡುವೆಯೇ ಕುಳಿತು ಅದೇ ಕೆಲಸವನ್ನು ಮಾಡುತ್ತಿದ್ದನು. ಕನ್ನಡ ಬೈಬಲಿನ ಮುಂದಿನ ಪರಂಪರೆ ಅವನ ಅನುವಾದದಿಂದ ಬೆಳೆಯಿತು. ಕೇರಿಯ ಪುಸ್ತಕ ಹಿಂದೆ ಸರಿದರೂ ಆ ಶ್ರಮ ಅಳಿಯಲಿಲ್ಲ.

ಹತ್ತಾರು ಭಾಷೆಗಳಿಗೆ ವ್ಯಾಕರಣವನ್ನೂ ಅನುವಾದವನ್ನೂ ಒದಗಿಸಿದವನ ಮನೆಯಲ್ಲಿ, ತನ್ನ ಸಂಕಟವನ್ನು ಯಾವ ಭಾಷೆಯಲ್ಲಿಯೂ ಹೇಳಿಕೊಳ್ಳಲಾರದ ಡೊರೊಥಿ 1807ರ ಡಿಸೆಂಬರ್ 8ರಂದು ಕಣ್ಣುಮುಚ್ಚಿದಳು. ಕೃಷ್ಣ ಪಾಲ್ ಎರಡು ದಶಕಗಳ ಕಾಲ ಊರೂರು ತಿರುಗಿ ಬೋಧಿಸಿ, ಬಂಗಾಳಿಯಲ್ಲಿ ಹಾಡು ಕಟ್ಟಿ, 1822ರಲ್ಲಿ ಕಾಲರಾಕ್ಕೆ ತುತ್ತಾದನು. ಕೇರಿ ತೀರಿಕೊಂಡುದು 1834ರಲ್ಲಿ. 1818ರಲ್ಲಿ ಅವರು ತೆರೆದ ಕಾಲೇಜು ಇಂದಿಗೂ ಹೂಗ್ಲಿಯ ದಂಡೆಯ ಮೇಲೆ ನಿಂತಿದೆ.

ಅಂದೋಲಾದಂಥ ಊರಿನಲ್ಲಿ ಮಠವಿರಲಿ, ದರ್ಗಾ ಇರಲಿ, ಇಗರ್ಜಿಯಿರಲಿ, ಅದರ ಗೋಡೆಗೆ ಹಾಕಿದ ಕಲ್ಲಿನ ಮೇಲೆ ಸ್ಥಾಪನೆಯ ತಾರೀಖು ಕೆತ್ತಿರುತ್ತದೆ. ಆದರೆ ಹೊರಗಿನವನೊಬ್ಬನು ಹಸಿದು ಬಂದಾಗ ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕಿದ ದಿನವನ್ನೂ, ದಿಕ್ಕಿಲ್ಲದ ಹೆಣಕ್ಕೆ ಬೇರೆ ಕೇರಿಯ ಹೆಗಲು ಸಿಕ್ಕ ದಿನವನ್ನೂ ಯಾವ ಕಲ್ಲೂ ಹೇಳುವುದಿಲ್ಲ. ಕಟ್ಟಡ ಎದ್ದುದು ಒಂದು ದಿನ. ಮನೆಯಾದುದು ಇನ್ನೊಂದು ದಿನ. ಆ ಎರಡನೆಯ ದಿನವನ್ನು ಊರಿನವರೇ ನೆನಪಿನಲ್ಲಿ ಇರಿಸಿಕೊಳ್ಳಬೇಕು.