ಬಿಡುಗಡೆಯ ವಾರ

ಜೂನ್ 10, ಸೋಮವಾರ

ಡೇರಿ ಸಾಫ್ಟ್‌ವೇರ್‌ನಲ್ಲಿ ಉಳಿದಿರುವ ಬಗ್‌ಗಳ ಪಟ್ಟಿ ಹಿಡಿದು ಮೀಟಿಂಗ್. ಎಷ್ಟು ಉಳಿದಿವೆ ಅಂತಲೇ ಎಲ್ಲರೂ ಕೇಳುತ್ತಾರೆ. ತಪ್ಪಾದಾಗ ಅದು ಯಾರ ಕಣ್ಣಿಗೆ ಬೀಳುತ್ತದೆ ಅನ್ನುವುದು ನನ್ನ ಚಿಂತೆ. ಚೀಟಿಯಲ್ಲಿ ಹೆಸರಿನ ಒತ್ತಕ್ಷರ ಪಕ್ಕಕ್ಕೆ ಜರುಗುತ್ತದೆ. ಸದಸ್ಯರ ನಂಬರ್ ಸರಿಯಿದೆ, ಬಿಡಬಹುದು. ವರದಿ ತೆರೆಯುವುದು ನಿಧಾನ, ಅದನ್ನೂ ಬಿಡಬಹುದು.

ಆದರೆ ಹಾಲಿನ ಫ್ಯಾಟ್ ಅಳೆಯುವ ಯಂತ್ರದಿಂದ ರೀಡಿಂಗ್ ಬಾರದೆ ಹೋದರೆ, ಹಿಂದಿನವರ ಅಂಕಿಯೇ ಪರದೆಯ ಮೇಲೆ ಉಳಿದು ಮುಂದಿನವರ ಲೆಕ್ಕಕ್ಕೆ ಸೇರಿಬಿಡುತ್ತದೆ. 4.2 ಬರಬೇಕಾದವರಿಗೆ 3.4. ಅಪರೂಪಕ್ಕೆ ಆಗುವುದು ಅಂದರು. ಅಪರೂಪವಾದ್ದರಿಂದಲೇ ಯಾರಿಗೂ ಅನುಮಾನ ಬರುವುದಿಲ್ಲ. ಈ ತಿಂಗಳು ಹಸುವಿನ ಮೇವು ಸಾಲಲಿಲ್ಲವೇನೋ ಅಂದುಕೊಂಡು ಮನೆಗೆ ಹೋಗುತ್ತಾರೆ. ಇದನ್ನು ಇಟ್ಟುಕೊಂಡು ಬಿಡುಗಡೆ ಆಗಕೂಡದು.

ಜೂನ್ 12, ಬುಧವಾರ

ಇವತ್ತೆಲ್ಲ ಪೈಸೆಯ ಲೆಕ್ಕ. 4.7 ಲೀಟರ್, ದರ 34.45 ರೂಪಾಯಿ: 161.915. ದಶಮಾಂಶದ 0.1 ಬೈನರಿಯಲ್ಲಿ ಪೂರ್ತಿ ಕೂರುವುದಿಲ್ಲ, ಕೂದಲೆಳೆಯಷ್ಟು ಕಡಿಮೆ ಹಿಡಿದರೆ 92 ಪೈಸೆ ಆಗಬೇಕಾದ್ದು 91 ಆಗುತ್ತದೆ. ಒಂದು ಪೈಸೆ ತಾನೇ ಅಂದರು. ದಿನಕ್ಕೆರಡು ಹೊತ್ತು, ಪ್ರತಿ ಸದಸ್ಯರಿಗೂ. ಹಾಲನ್ನು ಮಿಲಿಲೀಟರ್‌ನಲ್ಲಿ, ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿಯೇ ಇಟ್ಟರೆ ಈ ತಾಪತ್ರಯವೇ ಇಲ್ಲ. ಒಪ್ಪಿದರು.

ಇದೇ 0.1 ಜೀವ ತೆಗೆದದ್ದೂ ಉಂಟು. 1991ರ ಫೆಬ್ರವರಿ 25, ಸೌದಿಯ ದಹ್ರಾನ್. ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸಮಯವನ್ನು ಸೆಕೆಂಡಿನ ಹತ್ತನೇ ಒಂದರ ಲೆಕ್ಕದಲ್ಲಿ ಎಣಿಸುತ್ತಿತ್ತು. ಸುಮಾರು 100 ಗಂಟೆ ನಿಲ್ಲಿಸದೆ ಓಡಿಸಿದ್ದರಿಂದ ಗಡಿಯಾರ 0.34 ಸೆಕೆಂಡು ತಪ್ಪಿತು. ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ಬೇರೆಲ್ಲೋ ಹುಡುಕಿತು. 28 ಅಮೆರಿಕನ್ ಸೈನಿಕರು ಸತ್ತರು. ಕೆಲವೇ ಗಂಟೆ ಓಡಿಸುವವರಿಗೆ ಅದೇ ಪ್ರೋಗ್ರಾಂ ಸಾಕಾಗಿತ್ತು.

ಜೂನ್ 13, ಗುರುವಾರ

ನಿದ್ದೆ ಕೆಡಿಸಿದ್ದು ಆ ಕಥೆಯ ಉಳಿದರ್ಧ. ತಿದ್ದಿದ ಪ್ರೋಗ್ರಾಂ ಆಗಲೇ ಸಿದ್ಧವಾಗಿತ್ತು. ದಹ್ರಾನ್ ತಲುಪಿದ್ದು ಮಾರನೆಯ ದಿನ, 26ಕ್ಕೆ. ತಡವೂ ಒಂದು ದೋಷವೇ. ನಾವು ಕಾಯುವಷ್ಟು ದಿನವೂ ಹಾಲಿನ ಸಂಘದ ಕಾರ್ಯದರ್ಶಿ ರಾತ್ರಿ ಕೂತು ಕೈಯಲ್ಲಿ ಕೂಡಿ ಬಟವಾಡೆ ಪಟ್ಟಿ ಬರೆಯುತ್ತಾರೆ. ಅಲ್ಲಿ ತಪ್ಪೇ ಆಗುವುದಿಲ್ಲವೆ?

ಜೂನ್ 15, ಶನಿವಾರ

ಫ್ಯಾಟ್ ಬಗ್ ಸರಿಯಾಯಿತು. ರೀಡಿಂಗ್ ಬಾರದಿದ್ದರೆ ಜಾಗ ಖಾಲಿ, ಮುಂದಕ್ಕೆ ಹೋಗಲು ಬಿಡುವುದಿಲ್ಲ. ಕಾರ್ಯದರ್ಶಿಗೆ ಫೋನ್‌ನಲ್ಲಿ ಹೇಳಿದರೆ, ‘ಸಾಲು ನಿಂತರೆ ಜನ ನನ್ನ ಸುಮ್ನೆ ಬಿಡ್ತಾರಾ ಮೇಡಂ? ಹಾಲಿನ ಲಾರಿ ಕಾಯಲ್ಲ’ ಅಂದರು. ನಿಜ. ನಮ್ಮ ಟೆಸ್ಟಿಂಗ್ ಕೋಣೆಯಲ್ಲಿ ಲಾರಿ ಬರುವುದಿಲ್ಲ. ಅವರೇ ದಾರಿ ತೋರಿಸಿದರು: ಚೀಟಿಯಲ್ಲಿ ‘ಫ್ಯಾಟ್ ಬಾಕಿ’ ಅಂತ ಬರಲಿ, ಸ್ಯಾಂಪಲ್ ಎತ್ತಿಡುತ್ತೇನೆ, ಸಾಲು ಮುಗಿದ ಮೇಲೆ ಅಳೆದು ತುಂಬುತ್ತೇನೆ. ಸಂಜೆಯೊಳಗೆ ಅದನ್ನೂ ಬರೆದು ಪರೀಕ್ಷಿಸಿದೆವು. ಮೊದಲು ಅವರ ಸಂಘ ಒಂದಕ್ಕೇ, ಒಂದು ಬಟವಾಡೆ ಮುಗಿಯುವವರೆಗೆ ಕೈಬರಹದ ಪುಸ್ತಕವೂ ಜೊತೆಗಿರಲಿ ಎಂಬ ಷರತ್ತಿನ ಮೇಲೆ ಸಹಿ ಹಾಕಿದೆ. ಸೋಮವಾರ ಸಂಜೆಯ ಹಾಲಿನಿಂದ ಶುರು.