ಬರಿಗಾಲಿನ ಬೆಂಗಳೂರು

ನಮ್ಮೂರು ತಾಂಡ್ಯ. ನಂಜನಗೂಡು, ನರಸೀಪುರದ ಕಡೆಯವರನ್ನು ಬಿಟ್ಟರೆ ಹೆಚ್ಚು ಜನಕ್ಕೆ ಗೊತ್ತಿರಲಿಕ್ಕಿಲ್ಲ. ನಾವು ಹುಡುಗರಾಗಿದ್ದಾಗ ಆಟ ಅಂದ್ರೆ ಟೆನ್ನಿಸ್ ಬಾಲ್ ಕ್ರಿಕೆಟ್ಟು, ಇಲ್ಲಾಂದ್ರೆ ಕಬಡ್ಡಿ. ಫುಟ್‌ಬಾಲ್ ಏನಿದ್ರೂ ನಿದ್ದೆಗೆಟ್ಟು ಟೀವಿಯಲ್ಲಿ ನೋಡೋ ವರ್ಲ್ಡ್ ಕಪ್ಪು.

ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಶನಿವಾರ ಆಫೀಸಿನವರ ಜೊತೆ ಆಡೋಕೆ ಹೋಗ್ತೀನಿ. ಎಲ್ಲರ ಮೈಮೇಲೂ ಇಂಗ್ಲೆಂಡು, ಸ್ಪೇನಿನ ಕ್ಲಬ್ಬುಗಳ ಜೆರ್ಸಿ. ಮೊನ್ನೆ ಒಬ್ಬ ಅಂದ, "ಬೆಂಗಳೂರಲ್ಲಿ ಫುಟ್‌ಬಾಲ್ ಶುರುವಾಗಿದ್ದೇ 2013ರಲ್ಲಿ, ಬೆಂಗಳೂರು ಎಫ್‌ಸಿ ಬಂದ ಮೇಲೆ." ಎಲ್ಲರೂ ತಲೆಯಾಡಿಸಿದ್ರು. ನನಗೆ ತಡೆಯೋಕಾಗಲಿಲ್ಲ :)

ಸ್ವಾಮಿ, 1937ರ ಕಥೆ ಕೇಳಿ. ಮುಂಬಯಿಯಲ್ಲಿ 1891ರಲ್ಲಿ ಶುರುವಾದ ರೋವರ್ಸ್ ಕಪ್ಪನ್ನು ವರ್ಷಗಟ್ಟಲೆ ಬ್ರಿಟಿಷ್ ಪಲ್ಟನ್‌ಗಳೇ ಹೊತ್ತುಕೊಂಡು ಹೋಗ್ತಿದ್ವು. ಅದನ್ನು ಗೆದ್ದ ಮೊದಲ ಭಾರತೀಯ ಕ್ಲಬ್ಬು ಕಲ್ಕತ್ತಾದ್ದಲ್ಲ, ನಮ್ಮ 'ಬೆಂಗಳೂರು ಮುಸ್ಲಿಮ್ಸ್'! ಫೈನಲ್‌ನಲ್ಲಿ ಸೋತಿದ್ದು ಆ ಕಾಲದಲ್ಲಿ ಕಲ್ಕತ್ತಾ ಲೀಗನ್ನು ವರ್ಷಾವರ್ಷ ಗೆಲ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. 1938ರಲ್ಲಿ ಮತ್ತೆ ಇವರೇ. 1948ರಲ್ಲಿ ಇನ್ನೊಂದು ಸಲ.

ಅದೇ 1948ರಲ್ಲಿ ಲಂಡನ್ ಒಲಿಂಪಿಕ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ರು. ಫ್ರಾನ್ಸ್ ಎದುರು 1-2ರಿಂದ ಸೋತರೂ, ಭಾರತದ ಆ ಒಂದು ಗೋಲು ಹೊಡೆದದ್ದು ಮೈಸೂರು ಸಂಸ್ಥಾನದ ಪರ ಆಡ್ತಿದ್ದ ಎಸ್. ರಾಮನ್. ಬೆಂಗಳೂರು ಮುಸ್ಲಿಮ್ಸ್‌ನಲ್ಲಿ ಆಡಿದ್ದ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10-1ರಿಂದ ಸದೆಬಡಿದಾಗ ನಮ್ಮ ಒಂದು ಗೋಲು ಈ ಪುಣ್ಯಾತ್ಮರದ್ದೇ. 2017ರಲ್ಲಿ ತೀರಿಕೊಂಡ್ರು.

ಇಷ್ಟೆಲ್ಲ ಮಾಡಿದ ಕ್ಲಬ್ಬು ಯಾಕೆ ಮರೆತುಹೋಯ್ತು? ದಂಡು ಪ್ರದೇಶದ ಹುಡುಗರು ಆಸೆಗೆ ಆಡ್ತಿದ್ರು. ಚೆನ್ನಾಗಿ ಆಡೋರನ್ನು ಕಲ್ಕತ್ತಾ ಕರೀತು. ಅಹ್ಮದ್ ಖಾನ್ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದ್ರು. ಇದನ್ನು ಓದ್ತಾ ನನಗೆ ನಮ್ಮೂರ ಕ್ರಿಕೆಟ್ ಟೀಮು ನೆನಪಾಯ್ತು. ತಲಾ ಹತ್ತು ರೂಪಾಯಿ ಹಾಕಿ ಬ್ಯಾಟು ತಂದಿದ್ವಿ. ಒಬ್ಬ ಫ್ಯಾಕ್ಟರಿ ಶಿಫ್ಟಿಗೆ ಸೇರಿದ, ಒಬ್ಬ ಮೈಸೂರಿಗೆ ಹೋದ, ನಾನು ಇಲ್ಲಿಗೆ ಬಂದೆ. ಟೀಮನ್ನ ಯಾರೂ ಮುಚ್ಚಲಿಲ್ಲ, ಒಂದು ಭಾನುವಾರ ಹನ್ನೊಂದು ಜನ ಸೇರಲಿಲ್ಲ, ಅಷ್ಟೇ. ಒಂದು ಫೋಟೋನೂ ಇಲ್ಲ.

ರೋವರ್ಸ್ ಕಪ್ ಗೆದ್ದವರನ್ನೇ ಅವರೂರಿನ ಜನ ಮರೀತಾರೆ ಅಂದ್ಮೇಲೆ, ನಮ್ಮಂಥ ಟೀಮುಗಳ ಗತಿ? ಗೆಳೆಯರೇ, ನಿಮ್ಮೂರಲ್ಲೂ ಇಂಥದ್ದೊಂದು ಇದ್ದೇ ಇರುತ್ತೆ. ಆಡಿದವರು ಇನ್ನೂ ಸಿಗ್ತಾರೆ. ಕೇಳಿ ಬರೆದಿಡಿ.